ಎಸ್‌ಜಿಪಿಟಿ ಜಾಸ್ತಿ ಬಂದ ಮಾತ್ರಕ್ಕೆ ಕುಡುಕನಲ್ಲ

ಲೇಬರ್ ಕಾರ್ಡಿನವರ ತಪಾಸಣಾ ಶಿಬಿರವಿರಲಿ, ಪೌರಕಾರ್ಮಿಕರ ವಾರ್ಷಿಕ ತಪಾಸಣೆಯಿರಲಿ, ಕಡೂರು, ತರೀಕೆರೆ ಕಡೆ ರಿಪೋರ್ಟ್ ಬಂದ ದಿನ ಕೇಳುವ ಮಾತು ಒಂದೇ: ‘ಏನಣ್ಣ, ಲಿವರ್ ಹೋಯ್ತಂತೆ? ಇನ್ನಾದ್ರೂ ಎಣ್ಣೆ ಬಿಡು.’ ಹಾಳೆಯಲ್ಲಿ ಎಸ್‌ಜಿಪಿಟಿ ಎದುರು ದಪ್ಪಕ್ಷರದಲ್ಲಿ 58, ಪಕ್ಕದಲ್ಲಿ 40ರೊಳಗಿರಬೇಕೆಂಬ ಸೂಚನೆ. ಜನ್ಮದಲ್ಲಿ ಬಾಟಲಿ ಮುಟ್ಟದವನೂ ಅದನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಳಿಸುತ್ತಾನೆ.

ಎಡವಟ್ಟು ಹೆಸರಿನಲ್ಲೇ ಇದೆ. ಲಿವರ್ ಫಂಕ್ಷನ್ ಟೆಸ್ಟ್ ಎಂದರೂ ಎಸ್‌ಜಿಪಿಟಿ, ಎಸ್‌ಜಿಒಟಿಗಳು ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದಿಲ್ಲ. ಇವು ಜೀವಕೋಶದೊಳಗಿನ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತವೆ. ಕೆಲಸದ ಲೆಕ್ಕ ಬೇಕೆಂದರೆ ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಸಮಯ ನೋಡಬೇಕು.

ಸೋರಿದ್ದೆಲ್ಲ ಲಿವರಿನದೇ ಎನ್ನುವಂತೆಯೂ ಇಲ್ಲ. ಈ ಕಿಣ್ವಗಳು, ಅದರಲ್ಲೂ ಎಸ್‌ಜಿಒಟಿ, ಸ್ನಾಯುವಿನಲ್ಲೂ ಇವೆ. ಅಭ್ಯಾಸ ತಪ್ಪಿದವನು ಅಜ್ಜಂಪುರದಲ್ಲಿ ದಿನವಿಡೀ ಈರುಳ್ಳಿ ಮೂಟೆ ಲಾರಿಗೇರಿಸಿ, ಮೈಕೈ ನೋವಿನಲ್ಲೇ ಮರುದಿನ ರಕ್ತ ಕೊಟ್ಟರೆ ಅಂಕಿ ಏರಿರಬಹುದು. ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರೆ ಗುಟ್ಟು ಬಯಲಾಗುತ್ತದೆ. ಕುಡಿಯದವರಲ್ಲಿ ಅಂಕಿ ಏರಲು ಹೆಚ್ಚಾಗಿ ಕಾರಣವಾಗುವುದು ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆಯ ಜೊತೆಗಾರ ಫ್ಯಾಟಿ ಲಿವರ್. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ನನ್ನನ್ನು ಹೆಚ್ಚು ಹೆದರಿಸುವುದು ‘ಎಲ್ಲಾ ನಾರ್ಮಲ್’ ಎಂಬ ರಿಪೋರ್ಟು. ಫ್ಯಾಟಿ ಲಿವರ್ ಇರುವ ಎಷ್ಟೋ ಜನರ ಕಿಣ್ವಗಳು ಮಾಮೂಲಾಗಿಯೇ ಇರುತ್ತವೆ; ಗಟ್ಟಿಯಾಗಿ ಕುಗ್ಗಿದ ಲಿವರಿನಲ್ಲೂ ಹಾಗಾಗುವುದುಂಟು. ಹೆಪಟೈಟಿಸ್ ಬಿ ಪತ್ತೆಗೆ ಎಚ್‌ಬಿಎಸ್‌ಎಜಿ ಎಂಬ ಬೇರೆಯೇ ಪರೀಕ್ಷೆ ಬೇಕು. ಕಸದಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ಪೌರಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳುವವರು ಬೇಕು.

ಬಿಲಿರುಬಿನ್ 1.8 ಎಂದೊಡನೆ ‘ಕಾಮಾಲೆ’ ಎಂದು ನೆಲನೆಲ್ಲಿ ಅರೆಯುವವರಿದ್ದಾರೆ. ಗಿಲ್ಬರ್ಟ್ ಎಂಬ ಹುಟ್ಟುಗುಣ ಇರುವವರಲ್ಲಿ ರಾತ್ರಿಯಿಡೀ ಉಪವಾಸವಿದ್ದರೂ ಅದು ಏರುತ್ತದೆ. ಅಪಾಯವಿಲ್ಲ, ಔಷಧಿಯೂ ಬೇಡ. ಅಂದಹಾಗೆ ಶಿಬಿರದಲ್ಲಿ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದು ಮುಖ್ಯವಾಗಿ ಶುಗರ್ ಪರೀಕ್ಷೆಗಾಗಿ. ನಾಟಿ ಔಷಧಿ ಲಿವರಿಗೆ ನಿರಪಾಯ ಎಂಬುದೂ ಪೂರ್ತಿ ನಿಜವಲ್ಲ: ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ತೊಂದರೆ ಕಂಡದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆ ಮಾತು ಬೇರೆ. ಏನೇ ಕುಡಿಯುತ್ತಿದ್ದರೂ, ನೋವಿನ ಮಾತ್ರೆ ನುಂಗುತ್ತಿದ್ದರೂ ಡಾಕ್ಟರ ಮುಂದೆ ಹೇಳಿಬಿಡಬೇಕು.

ಅಂಕಿ ಸ್ವಲ್ಪವಷ್ಟೇ ಏರಿದ್ದರೆ ವೈದ್ಯರು ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ, ಬೇಕಾದರೆ ಹೊಟ್ಟೆಯ ಸ್ಕ್ಯಾನ್ ಬರೆಯುತ್ತಾರೆ. ಇನ್ನು, ತಪಾಸಣೆಯ ಹಿಂದಿನ ದಿನ ಮಾತ್ರ ಎಣ್ಣೆ ಬಿಟ್ಟು ರಿಪೋರ್ಟ್ ಪಾಸು ಮಾಡಿಸುವ ಜಾಣರಿಗೊಂದು ಸುದ್ದಿ: ಕುಡಿತಕ್ಕೆ ಏರಿದ ಜಿಜಿಟಿ ಎಂಬ ಇನ್ನೊಂದು ಕಿಣ್ವ ಇಳಿಯಲು ವಾರಗಳೇ ಬೇಕು.