ಮಾರೋಲೆಯ ಹಾದಿ

1992ನೆಯ ಇಸವಿಯ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರು ರಿಚರ್ಡ್ ಜಾರ್ವಿಸ್ ಎಂಬವರ ಮೊಬೈಲಿಗೆ ಕ್ರಿಸ್‌ಮಸ್ ಶುಭಾಶಯದ ಎರಡು ಪದಗಳನ್ನು ಕಳುಹಿಸಿದನೆಂಬುದೂ, ಲೋಕದ ಮೊತ್ತಮೊದಲ ಎಸ್ಸೆಮ್ಮೆಸ್ಸು ಅದೇ ಎಂಬುದೂ ಅನೇಕರು ಬಲ್ಲ ಸಂಗತಿ. ಆದರೆ ಆ ಸಂದೇಶ ಹೊರಟದ್ದು ಕಂಪ್ಯೂಟರಿನ ಕೀಲಿಮಣೆಯಿಂದ ಎಂಬುದನ್ನೂ, ಜಾರ್ವಿಸರ ಕೈಯಲ್ಲಿದ್ದ ಆರ್ಬಿಟೆಲ್ ದೂರವಾಣಿಗೆ ಬಂದುದನ್ನು ತೋರಿಸುವ ಶಕ್ತಿಯಿತ್ತೇ ಹೊರತು ಉತ್ತರ ಬರೆದು ಕಳುಹಿಸುವ ಅನುಕೂಲವಿರಲಿಲ್ಲವೆಂಬುದನ್ನೂ ಗಮನಿಸಿದವರು ವಿರಳ. ಕಂಪ್ಯೂಟರಿನಿಂದ ಫೋನಿಗೆ ಮಾತು ಇಳಿದುಬಂದಿತು. ಮರಳಿ ಹೋಗಲು ದಾರಿಯಿರಲಿಲ್ಲ. ಫೋನಿಗೆ ಬಂದ ಕಿರುಸಂದೇಶಕ್ಕೆ ಇಮೇಲಿನ ಮೂಲಕ ಉತ್ತರ ಬರೆಯುವ ಇಂದಿನ ಏರ್ಪಾಡನ್ನು ಪರಿಶೀಲಿಸುವವನಿಗೆ ಕೂಡಲೇ ಮನವರಿಕೆಯಾಗುವುದೂ ಇದೇ: ಸಂದೇಶವನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವುದು ಸುಲಭ, ಉತ್ತರವನ್ನು ತಕ್ಕ ಬಾಗಿಲಿಗೆ ಮುಟ್ಟಿಸುವುದು ಕಠಿಣ.

ಈ ಎರಡು ಜಾಲಗಳ ಪ್ರಕೃತಿಯೇ ಬೇರೆ ಬೇರೆ. ಮೊಬೈಲಿನಲ್ಲಿ ಮಾತು ಹರಿಯುವ ಹಾದಿ ಒಂದಾದರೆ, ಕರೆ ಬಂದಿದೆ, ಫೋನು ಇಂಥ ಗೋಪುರದ ವ್ಯಾಪ್ತಿಯಲ್ಲಿದೆ ಎಂಬ ಸಂಕೇತಗಳು ಓಡಾಡುವ ಕಿರುಹಾದಿ ಮತ್ತೊಂದು. ಈ ಕಿರುಹಾದಿ ಬಹುಕಾಲ ಬರಿದಾಗಿಯೇ ಇರುತ್ತದೆಂಬುದನ್ನು ಕಂಡು, 1980ರ ದಶಕದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಮೊದಲಾದ ಐರೋಪ್ಯ ತಜ್ಞರು ಅಲ್ಲಿಯೇ ಪುಟ್ಟ ಬರಹಗಳನ್ನು ಸಾಗಿಸುವ ಉಪಾಯ ಹೂಡಿದರು. ಹಾದಿ ಕಿರಿದಾದುದರಿಂದ ಹೊರೆಯೂ ಕಿರಿದಾಗಬೇಕಾಯಿತು: ಒಂದು ಸಂದೇಶಕ್ಕೆ 140 ಬೈಟು, ಎಂದರೆ 1120 ಬಿಟ್ಟು. ರೋಮನ್ ಅಕ್ಷರಕ್ಕೆ ಏಳು ಬಿಟ್ಟು ಸಾಕಾದ್ದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಸಾಮಾನ್ಯವಾಗಿ ಹದಿನಾರು ಬಿಟ್ಟು ವ್ಯಯವಾಗುವುದರಿಂದ 70 ಮಾತ್ರ. ಅದರಲ್ಲಿಯೂ ಕಣ್ಣಿಗೆ ಕಾಣುವ ಅಕ್ಷರವನ್ನೇ ಯಂತ್ರವು ಎಣಿಸುವುದಿಲ್ಲ. ‘ದೊಡ್ಡಬಳ್ಳಾಪುರ’ ಎಂಬಲ್ಲಿ ನಮಗೆ ತೋರುವುದು ಆರು ಅಕ್ಷರಗಳಾದರೂ, ವ್ಯಂಜನ, ಸ್ವರಚಿಹ್ನೆ, ಒತ್ತಿಗೆ ಮುನ್ನ ಬರುವ ವಿರಾಮ, ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಿಡಿಯುವ ಯಂತ್ರಕ್ಕೆ ಅವು ಹದಿಮೂರು. ಅದೇ ಊರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಹದಿನಾಲ್ಕು ಅಕ್ಷರಗಳಲ್ಲಿ ಬರೆದರೆ 98 ಬಿಟ್ಟು ಸಾಕು. ಕನ್ನಡದಲ್ಲಿ ಬರೆದರೆ 208 ಬೇಕು. ತಾಯ್ನುಡಿಯಲ್ಲಿ ಬರೆಯುವವನು ಮೊದಲಿನಿಂದಲೂ ಹೀಗೆ ಹೆಚ್ಚಿನ ಸುಂಕ ತೆರಬೇಕಾಗಿ ಬಂದುದು ನನಗೆ ನೋವಿನ ಸಂಗತಿ.

ಇಮೇಲಿನ ಲೋಕದಲ್ಲಿ ಈ ಬಿಗಿತವಿಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ನಿಯಮಾವಳಿಯ ಆಧಾರದ ಮೇಲೆ ಬೆಳೆದ ಆ ವ್ಯವಸ್ಥೆಯು, ವಿಳಾಸದಲ್ಲಿನ @ ಚಿಹ್ನೆಯ ಬಲಕ್ಕಿರುವ ಯಂತ್ರವನ್ನು ಹುಡುಕಿ ಓಲೆಯನ್ನು ಅದರ ವಶಕ್ಕೆ ಕೊಡುತ್ತದೆ. ಸ್ವೀಕರಿಸುವವನು ಸಿದ್ಧನಿಲ್ಲದಿದ್ದರೆ ಸಂದೇಶವನ್ನು ಕೂಡಿಟ್ಟುಕೊಂಡು ಮತ್ತೆ ಯತ್ನಿಸುವ ಗುಣ ಮಾತ್ರ ಎರಡು ಜಾಲಗಳಿಗೂ ಸಮಾನವಾದದ್ದು. ಇವುಗಳ ನಡುವೆ ಗೇಟ್‌ವೇ ಎಂಬ ಯಂತ್ರವನ್ನು ನಿಲ್ಲಿಸಲು ಸಾಧ್ಯವಾದುದಕ್ಕೆ ಈ ಸಾಮ್ಯವೂ ಕಾರಣ. ಮೊಬೈಲಿನ ಮಾನಕ ಗ್ರಂಥಗಳಲ್ಲಿಯೇ ಇದಕ್ಕೆ ಎಡೆಯಿದೆ: ಸಂದೇಶದ ಆರಂಭದಲ್ಲಿ ಇಮೇಲ್ ವಿಳಾಸವನ್ನು ಬರೆದು, ಒಂದು ಜಾಗ ಬಿಟ್ಟು ವಿಷಯವನ್ನು ಬರೆಯತಕ್ಕದ್ದು, ಫೋನಿನಲ್ಲಿ @ ಚಿಹ್ನೆಯನ್ನು ಒತ್ತಲಾಗದವರು ನಕ್ಷತ್ರ ಚಿಹ್ನೆಯನ್ನಾದರೂ ಬಳಸಬಹುದು. ಅಮೆರಿಕದ ಕಂಪನಿಗಳು ಇದಕ್ಕೆ ವಿಲೋಮವಾಗಿ, ಹತ್ತಂಕಿಯ ಫೋನ್ ಸಂಖ್ಯೆಯನ್ನೇ ಇಮೇಲ್ ವಿಳಾಸವಾಗಿ ಮಾಡಿಕೊಟ್ಟಿದ್ದವು. ಎಟಿ ಅಂಡ್ ಟಿ ಕಂಪನಿ ಆ ಬಾಗಿಲನ್ನು 2025ರ ಜೂನ್ 17ರಂದು ಮುಚ್ಚಿತು.

ಇನ್ನು ಉತ್ತರದ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಂಥ ಕ್ಷೇತ್ರಗಳಲ್ಲಿ ಪಾದರಕ್ಷೆ ಕಾಯುವವನು ಭಕ್ತರ ಹೆಸರನ್ನಾಗಲಿ ಊರನ್ನಾಗಲಿ ಕೇಳುವುದಿಲ್ಲ. ಒಂದು ಬಿಲ್ಲೆಯನ್ನು ಚಪ್ಪಲಿಯ ಜೊತೆಗಿಟ್ಟು ಅದರ ಜೋಡಿಯನ್ನು ಕೈಗೆ ಕೊಡುತ್ತಾನೆ. ಗೇಟ್‌ವೇ ಯಂತ್ರದ ಸಮಸ್ತ ಜಾಣ್ಮೆಯೂ ಇಂಥ ಬಿಲ್ಲೆಯಲ್ಲಿದೆ. ದೇವನಹಳ್ಳಿಯ ಕಡೆಯ ತಾಯಿಯೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲು ಹೋಗಿದ್ದಾರೆಂದೂ, ಮಗಳು ಫೋನನ್ನು ಒಳಗೊಯ್ಯಲು ಅಪ್ಪಣೆಯಿಲ್ಲದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳೆಂದೂ, ಅವಳ ಸಂಖ್ಯೆಯು 2009ರಲ್ಲಿ ಆರಂಭವಾದ ಗೂಗಲ್ ವಾಯ್ಸ್ ಸೇವೆಯದೆಂದೂ ಭಾವಿಸೋಣ. ‘ಹುಣಸೆಹಣ್ಣು ಎಲ್ಲಿಟ್ಟಿದ್ದೀಯಮ್ಮ?’ ಎಂದು ತಾಯಿ ಫೋನಿನಲ್ಲಿ ಬರೆದುದು ಮಗಳ ಕಂಪ್ಯೂಟರಿಗೆ ಇಮೇಲಾಗಿ ಬರುತ್ತದೆ. ಬಂದ ಓಲೆಯ ಕಳುಹಿಸಿದವರ ವಿಳಾಸವನ್ನು ನಿಧಾನವಾಗಿ ನೋಡಿದರೆ ಅಲ್ಲಿ ಮಗಳ ಸಂಖ್ಯೆ, ಚುಕ್ಕಿ, ತಾಯಿಯ ಸಂಖ್ಯೆ, ಮತ್ತೆ ಚುಕ್ಕಿ, ಅನಂತರ ಯಾವ ಅರ್ಥವೂ ಇಲ್ಲದ ಅಕ್ಷರಗಳ ಗೊಂಚಲು, ಇಷ್ಟೂ ಕಾಣುತ್ತವೆ. ಅರ್ಥವಿಲ್ಲದ ಆ ಗೊಂಚಲೇ ಬಿಲ್ಲೆ. ಪರರು ಊಹಿಸಲಾಗದಂತೆ ಅದನ್ನು ಹೆಣೆದಿರುತ್ತಾರೆ. ಮಗಳು ‘ಒಲೆ ಮೇಲಿನ ಕಪಾಟಿನಲ್ಲಿದೆ, ಅಮ್ಮ’ ಎಂದು ಉತ್ತರಿಸಿದೊಡನೆ ಓಲೆಯು ಆ ವಿಳಾಸಕ್ಕೆ ಹೋಗಿ, ಯಂತ್ರವು ಬಿಲ್ಲೆಯನ್ನು ತಾಳೆ ನೋಡಿ, ಉತ್ತರದ ಕೆಳಗೆ ತಾನಾಗಿ ಅಂಟಿಕೊಂಡು ಬಂದ ಹಳೆಯ ಸಂದೇಶದ ನಕಲನ್ನು ಕತ್ತರಿಸಿ, ಉಳಿದುದನ್ನು ಮಾತ್ರ ತಾಯಿಯ ಫೋನಿಗೆ ರವಾನಿಸುತ್ತದೆ. ಉತ್ತರ ದೀರ್ಘವಾದರೆ ತುಂಡುಗಳಾಗುತ್ತದೆ. ಪ್ರತಿ ತುಂಡಿನ ತಲೆಯಲ್ಲಿ ಕ್ರಮಾಂಕಕ್ಕಾಗಿ ಆರು ಬೈಟು ಮೀಸಲಾಗುವುದರಿಂದ ಕನ್ನಡಕ್ಕೆ ಆಗ ದಕ್ಕುವುದು 67 ಸಂಕೇತಗಳು.

ನಮ್ಮ ನಾಡಿನ ಸ್ಥಿತಿಯನ್ನು ನೋಡಿದರೆ ಚಿಂತೆಯಾಗುತ್ತದೆ. ಬ್ಯಾಂಕು, ವಿದ್ಯುತ್ತಿನ ಬಿಲ್ಲು, ಗ್ಯಾಸ್ ಸಿಲಿಂಡರು ಮುಂತಾದವುಗಳ ಸಂದೇಶಗಳು ಬರುವುದು ಅಂಕಿಗಳಿಂದಲ್ಲದೆ ಅಕ್ಷರಗಳಿಂದಾದ ಶಿರೋನಾಮೆಯ ಅಡಿಯಲ್ಲಿ. ಆರಂಭದ ಎರಡು ಅಕ್ಷರಗಳಲ್ಲಿ ಮೊದಲನೆಯದು ಸೇವೆಯ ಕಂಪನಿಯನ್ನೂ, ಏರ್‌ಟೆಲ್ಲಿಗೆ ಎ, ಬಿಎಸ್‌ಎನ್‌ಎಲ್ಲಿಗೆ ಬಿ ಎಂಬಂತೆ, ಎರಡನೆಯದು ವಲಯವನ್ನೂ ಸೂಚಿಸುತ್ತದೆ, ಕರ್ನಾಟಕಕ್ಕೆ ಎಕ್ಸ್. ವಂಚಕರನ್ನು ಗುರುತಿಸಲು ಇದು ಉಪಯುಕ್ತವೇ ಸರಿ. ಆದರೆ ಅಕ್ಷರದ ಹೆಸರಿಗೆ ಫೋನಿನಿಂದ ಉತ್ತರ ಕಳುಹಿಸಲಾಗದು. ಹೊಸಕೋಟೆಯ ದ್ರಾಕ್ಷಿ ಬೆಳೆಗಾರನಿಗೆ ಬೆಳೆವಿಮೆಯ ವಿಷಯವಾಗಿ ಒಂದು ಸಂದೇಶ ಬಂದು, ಅದರಲ್ಲಿ ಸರ್ವೆ ನಂಬರು ತಪ್ಪಾಗಿದ್ದರೆ, ‘ಇದು ತಪ್ಪು’ ಎಂದು ಅಲ್ಲಿಯೇ ಬರೆಯುವ ಮಾರ್ಗ ಅವನಿಗಿಲ್ಲ. ಆ ರೈತನ ಎರಡು ಪದಗಳನ್ನು ಅಧಿಕಾರಿಯ ಇಮೇಲಿಗೆ ಮುಟ್ಟಿಸಿ, ಅಧಿಕಾರಿಯ ಉತ್ತರವನ್ನು ರೈತನ ಫೋನಿಗೆ ಮರಳಿಸುವ ಯಂತ್ರವು ಇಷ್ಟು ಕಾಲದಿಂದ ಇರುವಾಗ, ಜನರ ಹಿತಕ್ಕೆಂದು ಸಂದೇಶ ಕಳುಹಿಸುವವರು ಜನರ ಉತ್ತರವನ್ನೂ ಸ್ವೀಕರಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಣ್ಣ ಪ್ರಮಾಣದಲ್ಲಾದರೆ ಇದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ದೊಡ್ಡಬಳ್ಳಾಪುರದ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರು ಸಿಮ್ ಹಾಕುವ ಮೋಡೆಮನ್ನು ಕಂಪ್ಯೂಟರಿಗೆ ಜೋಡಿಸಿದರೆ, ಮಗ್ಗದವರು ‘ವಾರ್ಪು ಮುಗೀತು’ ಎಂದು ಕಳುಹಿಸಿದುದನ್ನು ಇಮೇಲಿನಲ್ಲಿ ಓದಿ ಅಲ್ಲಿಂದಲೇ ಉತ್ತರಿಸಬಹುದು. ಈ ಮೋಡೆಮಿಗೆ ಕೊಡುವ ಆಜ್ಞೆಗಳೆಲ್ಲ ‘ಎಟಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ. 1981ರ ಹೇಯ್ಸ್ ಮೋಡೆಮಿನ ಕಾಲದಿಂದ ಉಳಿದುಬಂದ ಪದ್ಧತಿಯದು. ಎಲ್ಲ ಮಗ್ಗದವರ ಸಂದೇಶಗಳೂ ಆ ಒಂದೇ ಸಿಮ್ಮಿಗೆ ಬರುವುದರಿಂದ, ಯಾರ ಸಂದೇಶಕ್ಕೆ ಯಾವ ಉತ್ತರವೆಂಬ ಬಿಲ್ಲೆಯನ್ನು ಇಮೇಲಿನ ವಿಷಯದ ಸಾಲಿನಲ್ಲಿ ತಪ್ಪದೆ ಬರೆಯಿಸಬೇಕು. ಬ್ಯಾಂಕಿನ ಓಟಿಪಿ ಬರುವ ಸಿಮ್ಮನ್ನಂತೂ ಈ ಕೆಲಸಕ್ಕೆ ಹಚ್ಚಲೇಬಾರದು. ಇಮೇಲಿನ ಗುಟ್ಟಿನ ಪದವನ್ನು ಕದ್ದವನಿಗೆ ಆಗ ಖಾತೆಯ ಬೀಗದ ಕೈಯೂ ಸಿಕ್ಕಂತಾಗುತ್ತದೆ.