ಇಂಜಿನಿಯರಿಂಗ್ ಪದವಿ ಪ್ರವೇಶ: ಕಾಲೇಜುಗಳ ಇಚ್ಛಾಪಟ್ಟಿ ಸಿದ್ಧಪಡಿಸುವ ಕುರಿತು ಅಭ್ಯರ್ಥಿಗಳಿಗೆ ಮಾಹಿತಿ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ತೇರ್ಗಡೆ ಹೊಂದಿ, ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ (ಸಿಇಟಿ) ರ್ಯಾಂಕ್ ಪಡೆದಿರುವ ಘೋಣಸಗಿ ಗ್ರಾಮದ ಹಾಗೂ ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಇತರ ಗ್ರಾಮಗಳ ಅಭ್ಯರ್ಥಿಗಳು ಮತ್ತು ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸರ್ಕಾರಿ ಕೋಟಾದ ಸೀಟುಗಳಿಗಾಗಿ ಪ್ರತಿ ಕಾಲೇಜಿಗೂ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವ ಪದ್ಧತಿ ಕರ್ನಾಟಕದಲ್ಲಿ ಇರುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅಂತರಜಾಲ ತಾಣದಲ್ಲಿ ಅಭ್ಯರ್ಥಿಯು ನಮೂದಿಸುವ ಒಂದೇ ಇಚ್ಛಾಪಟ್ಟಿಯು ಎಲ್ಲ ಕಾಲೇಜುಗಳಿಗೂ ಅರ್ಜಿಯಾಗಿ ಪರಿಗಣಿತವಾಗುತ್ತದೆ. ಪಿಯುಸಿಯ ಭೌತಶಾಸ್ತ್ರ, ಗಣಿತ ಮತ್ತು ನಿಗದಿತ ಮೂರನೇ ವಿಷಯದ ಅಂಕಗಳಿಗೆ ಶೇ. 50, ಸಿಇಟಿಯ 180 ಅಂಕಗಳಿಗೆ ಶೇ. 50 ರಂತೆ ಪ್ರಾಧಾನ್ಯ ನೀಡಿ ರ್ಯಾಂಕ್ ನಿರ್ಧರಿಸಲಾಗುತ್ತದೆ. ರ್ಯಾಂಕ್ ಪ್ರಕಟವಾದ ನಂತರ ಅದನ್ನು ಬದಲಿಸಲು ಸಾಧ್ಯವಿಲ್ಲ. ಆ ಹಂತದಲ್ಲಿ ಅಭ್ಯರ್ಥಿಯ ಕೈಯಲ್ಲಿ ಉಳಿಯುವುದು ಇಚ್ಛಾಪಟ್ಟಿಯ ಕ್ರಮವೊಂದೇ.

ಆದ್ಯತೆಯ ಕ್ರಮ

"ಮೇಲಿನ ಕಾಲೇಜು ಸಿಗಲಾರದು, ಅದನ್ನು ಮೊದಲು ಬರೆದರೆ ಕೆಳಗಿನದೂ ಕೈತಪ್ಪುತ್ತದೆ" ಎಂಬ ನಂಬಿಕೆ ಗ್ರಾಮೀಣ ಭಾಗದಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಗಣಕಯಂತ್ರವು ಅಭ್ಯರ್ಥಿಗಳನ್ನು ರ್ಯಾಂಕ್ ಕ್ರಮದಲ್ಲಿ ತೆಗೆದುಕೊಂಡು, ಪ್ರತಿಯೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಪರಿಶೀಲಿಸಿ, ಆ ಕ್ಷಣದಲ್ಲಿ ಲಭ್ಯವಿರುವ ಮೊದಲ ಸೀಟನ್ನು ಹಂಚಿಕೆ ಮಾಡುತ್ತದೆ.

ಉದಾಹರಣೆಗೆ, ಅಭ್ಯರ್ಥಿಯೊಬ್ಬರು 1ನೇ ಇಚ್ಛೆಯಾಗಿ ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್, 2ನೇ ಇಚ್ಛೆಯಾಗಿ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಮಹಾವಿದ್ಯಾಲಯದ ಎಲೆಕ್ಟ್ರಾನಿಕ್ಸ್, 3ನೇ ಇಚ್ಛೆಯಾಗಿ ವಿಜಯಪುರದ ಡಾ. ಫ.ಗು. ಹಳಕಟ್ಟಿ ಇಂಜಿನಿಯರಿಂಗ್ ಮಹಾವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ನಮೂದಿಸಿದ್ದಾರೆಂದು ಭಾವಿಸೋಣ. ಮೊದಲ ಎರಡು ಲಭ್ಯವಿಲ್ಲದಿದ್ದರೆ ಮೂರನೆಯದನ್ನು ಅದೇ ರ್ಯಾಂಕಿನ ಬಲದ ಮೇಲೆ ಪರಿಗಣಿಸಲಾಗುವುದು. ಮೇಲೆ ಎರಡು ಇಚ್ಛೆಗಳನ್ನು ಬರೆದ ಕಾರಣಕ್ಕೆ ಯಾವ ನಷ್ಟವೂ ಆಗುವುದಿಲ್ಲ. ಆದರೆ ಅಂಜಿಕೆಯಿಂದ ಮೂರನೆಯದನ್ನೇ ಮೊದಲು ಬರೆದು ಅದು ದೊರೆತಲ್ಲಿ, ಅದರ ಕೆಳಗೆ ಬರೆದ ಹುಬ್ಬಳ್ಳಿ, ಬಾಗಲಕೋಟೆಗಳ ಸೀಟು ಖಾಲಿ ಇದ್ದರೂ ಅವನ್ನು ನೋಡುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಸಿಗಬಹುದಾದ ಕ್ರಮದಲ್ಲಲ್ಲ, ಬೇಕಾದ ಕ್ರಮದಲ್ಲಿ ಇಚ್ಛೆಗಳನ್ನು ನಮೂದಿಸತಕ್ಕದ್ದು. ಸಿಕ್ಕರೂ ಸೇರಲಾಗದ ಕಾಲೇಜನ್ನು ಪಟ್ಟಿಯಲ್ಲಿ ಸೇರಿಸಬಾರದು. ಹಾಗೆಯೇ ನಾಲ್ಕೈದು ಇಚ್ಛೆಗಳಿಗೇ ಪಟ್ಟಿಯನ್ನು ನಿಲ್ಲಿಸುವುದೂ ಅಪಾಯಕರ.

ಅಣಕು ಹಂಚಿಕೆಯ ಫಲಿತಾಂಶ ಬಂದ ಬಳಿಕ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ಇತರ ಅಭ್ಯರ್ಥಿಗಳೂ ಅದೇ ಅವಧಿಯಲ್ಲಿ ತಮ್ಮ ಪಟ್ಟಿಗಳನ್ನು ತಿದ್ದುವುದರಿಂದ ಅಣಕು ಹಂಚಿಕೆಯಲ್ಲಿ ಕಂಡ ಸೀಟು ಖಚಿತವೆಂದು ಭಾವಿಸಿ ಉಳಿದ ಇಚ್ಛೆಗಳನ್ನು ಅಳಿಸಬಾರದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ಹಿಂದಿನ ಸಾಲಿನ ಕೊನೆಯ ರ್ಯಾಂಕ್ (ಕಟ್ ಆಫ್) ಪಟ್ಟಿಯನ್ನು ಪ್ರಾಧಿಕಾರವು ಪ್ರಕಟಿಸುತ್ತದೆ. ಅದರಲ್ಲಿ ಪ್ರತಿ ಪ್ರವರ್ಗದ ಮುಂದೆ 'ಜಿ', 'ಆರ್', 'ಕೆ' ಎಂಬ ಅಕ್ಷರಗಳು ಕಾಣುತ್ತವೆ. '2ಎಜಿ' ಎಂದರೆ ಪ್ರವರ್ಗ 2ಎ ಸಾಮಾನ್ಯ, '2ಎಆರ್' ಎಂದರೆ ಅದೇ ಪ್ರವರ್ಗದ ಗ್ರಾಮೀಣ, '2ಎಕೆ' ಎಂದರೆ ಕನ್ನಡ ಮಾಧ್ಯಮ. ಅಭ್ಯರ್ಥಿಗಳು ತಮಗೆ ಅನ್ವಯಿಸುವ ಎಲ್ಲ ಕಾಲಂಗಳನ್ನೂ ನೋಡತಕ್ಕದ್ದು. 'ಜಿಎಂ' ಕಾಲಂ ಒಂದನ್ನೇ ನೋಡಿ ಒಳ್ಳೆಯ ಕಾಲೇಜು ದೂರವೆಂದು ಕೈಬಿಡುವ ಅಭ್ಯರ್ಥಿಗಳು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮ ಮೀಸಲಾತಿ ಶೇ. 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಹತ್ತೂ ವರ್ಷಗಳ ವ್ಯಾಸಂಗವೇ ಆಧಾರ. ಗ್ರಾಮದಲ್ಲಿ 7ನೇ ತರಗತಿ ಮುಗಿಸಿ 8ನೇ ತರಗತಿಗೆ ವಿಜಯಪುರ ನಗರದ ಶಾಲೆಗೆ ಸೇರಿದವರಿಗೆ, ಮನೆ ಗ್ರಾಮದಲ್ಲಿಯೇ ಇದ್ದರೂ, ಗ್ರಾಮೀಣ ಮೀಸಲಾತಿ ದೊರೆಯುವುದಿಲ್ಲ; ನಗರದ ಶಾಲೆಯಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಉಳಿಯುತ್ತದೆ. ಪಿಯುಸಿಯನ್ನು ವಿಜಯಪುರ, ಧಾರವಾಡ ಅಥವಾ ಬೇರಾವುದೇ ನಗರದಲ್ಲಿ ಓದಿದ್ದರೆ ಈ ಮೀಸಲಾತಿಗಳಿಗೆ ಬಾಧಕವಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಅಗತ್ಯ. ಸದರಿ ಮೀಸಲಾತಿಯನ್ನು ಸಿಇಟಿ ಅರ್ಜಿಯಲ್ಲಿಯೇ ಕೋರಿರಬೇಕು. ಇಚ್ಛೆ ನಮೂದಿಸುವ ಹಂತದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಕಲಬುರಗಿ ಭಾಗದ ಕಾಲೇಜುಗಳ ಬಗ್ಗೆ ವಿಶೇಷ ಸೂಚನೆ

ಸಂವಿಧಾನದ 98ನೇ ತಿದ್ದುಪಡಿಯಿಂದ (2012) ಸೇರ್ಪಡೆಯಾದ 371(ಜೆ) ಅನುಚ್ಛೇದದ ಸೌಲಭ್ಯವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ಸೀಮಿತ. ನೆರೆಯಲ್ಲಿದ್ದರೂ ವಿಜಯಪುರ ಜಿಲ್ಲೆ ಇದರಲ್ಲಿ ಸೇರಿಲ್ಲ. ಆ ಜಿಲ್ಲೆಗಳ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಪ್ರಾಧಿಕಾರವು ಕಟ್ ಆಫ್ ಪಟ್ಟಿಯನ್ನು ಎರಡು ಭಾಗಗಳಾಗಿ ಪ್ರಕಟಿಸುವುದು ಈ ಕಾರಣದಿಂದಲೇ. 1958ರಲ್ಲಿ ಆರಂಭಗೊಂಡ ಕಲಬುರಗಿಯ ಪಿ.ಡಿ.ಎ. ಕಾಲೇಜನ್ನು ಬಯಸುವ ನಮ್ಮ ಭಾಗದ ಅಭ್ಯರ್ಥಿಯು ಕಲ್ಯಾಣ ಕರ್ನಾಟಕದ ಪಟ್ಟಿಯನ್ನು ನೋಡಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕಾಲೇಜು, ವಿಭಾಗ ಮತ್ತು ವೆಚ್ಚ

ವಿಜಯಪುರ ನಗರದಲ್ಲಿಯೇ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಮಹಾವಿದ್ಯಾಲಯ (ಸ್ಥಾಪನೆ 1980) ಹಾಗೂ ಸಿಕ್ಯಾಬ್ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜುಗಳಿವೆ. ಬಾಗಲಕೋಟೆಯ ಬಸವೇಶ್ವರ ಮಹಾವಿದ್ಯಾಲಯವು 1963ರಿಂದ, ಧಾರವಾಡದ ಎಸ್.ಡಿ.ಎಂ. ಕಾಲೇಜು 1979ರಿಂದ ನಡೆಯುತ್ತಿವೆ. ಸರ್ಕಾರಿ ಕಾಲೇಜನ್ನೇ ಬಯಸುವವರು ಹಾವೇರಿ, ಕಾರವಾರ, ರಾಯಚೂರು ಮುಂತಾದ ಕಡೆಗಳ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳನ್ನೂ ಪರಿಶೀಲಿಸಬಹುದು. ಬೆಂಗಳೂರಿನ ಕಾಲೇಜೆಂಬ ಒಂದೇ ಕಾರಣಕ್ಕೆ ಹೊಸ, ಅಪರಿಚಿತ ಸಂಸ್ಥೆಯನ್ನು ಇವುಗಳಿಗಿಂತ ಮೇಲೆ ಬರೆಯುವುದು ವಿವೇಕವೆನಿಸದು. ಐದುನೂರು ಕಿಲೋಮೀಟರಿಗೂ ಹೆಚ್ಚು ದೂರದ ನಗರದಲ್ಲಿ ನಾಲ್ಕು ವರ್ಷಗಳ ವಸತಿ, ಊಟದ ವೆಚ್ಚವು ಕೆಲವೊಮ್ಮೆ ಬೋಧನಾ ಶುಲ್ಕವನ್ನೂ ಮೀರಬಹುದು. ದ್ರಾಕ್ಷಿಯ ಆದಾಯ ವರ್ಷದಿಂದ ವರ್ಷಕ್ಕೆ ಏರಿಳಿಯುವ ಕುಟುಂಬಗಳು ಮೊದಲ ವರ್ಷದ ಹಣವನ್ನಷ್ಟೇ ಅಲ್ಲ, ನಾಲ್ಕೂ ವರ್ಷಗಳ ವೆಚ್ಚವನ್ನು ಮೊದಲೇ ಲೆಕ್ಕ ಹಾಕುವುದು ಸೂಕ್ತ.

ಸರ್ಕಾರಿ, ಅನುದಾನಿತ ಮತ್ತು ಅನುದಾನರಹಿತ ಸೀಟುಗಳ ಶುಲ್ಕ ಬೇರೆ ಬೇರೆ. ಒಂದೇ ಆವರಣದಲ್ಲಿ ಅನುದಾನಿತ ಮತ್ತು ಅನುದಾನರಹಿತ ಕೋರ್ಸುಗಳೆರಡೂ ಇರುವುದುಂಟು. ಆದ್ದರಿಂದ ಕಾಲೇಜಿನ ಹೆಸರನ್ನಷ್ಟೇ ನೋಡದೆ ಶುಲ್ಕದ ವಿವರವನ್ನೂ ಓದಬೇಕು. ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಸೂಪರ್ ನ್ಯೂಮರರಿ ಕೋಟಾದ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಇತರ ಶುಲ್ಕಗಳನ್ನು ಪಾವತಿಸಬೇಕು.

ಕಂಪ್ಯೂಟರ್ ಸೈನ್ಸ್‌ಗೆ ಈಗ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಹಲವು ಶಾಖೆಗಳು ಹುಟ್ಟಿಕೊಂಡಿವೆ. ಶಾಖೆಯ ಹೆಸರಿಗಿಂತ ಅದನ್ನು ಬೋಧಿಸುವ ಖಾಯಂ ಅಧ್ಯಾಪಕರು ಎಷ್ಟು ಮಂದಿ ಎಂಬುದು ಮುಖ್ಯ. ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್.ಬಿ.ಎ.) ಮಾನ್ಯತೆಯು ಕಾಲೇಜಿಗಲ್ಲ, ಪ್ರತಿ ಕೋರ್ಸಿಗೆ ಪ್ರತ್ಯೇಕವಾಗಿ ನೀಡಲ್ಪಡುತ್ತದೆ, ತಾವು ಬಯಸುವ ಕೋರ್ಸಿಗೆ ಅದು ಇದೆಯೇ ಎಂದು ವಿಚಾರಿಸಬೇಕು. ವಿಜಯಪುರ, ಬಾಗಲಕೋಟೆಗಳ ಕಾಲೇಜುಗಳಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯಗಳನ್ನು ಕಣ್ಣಾರೆ ಕಂಡು, ಅಲ್ಲಿಯ ಹಿರಿಯ ವಿದ್ಯಾರ್ಥಿಗಳೊಡನೆ ಮಾತನಾಡುವುದು ಯಾವುದೇ ಜಾಹೀರಾತಿಗಿಂತ ಮಿಗಿಲು.

ಹಂಚಿಕೆಯ ನಂತರ

ಸೀಟು ಹಂಚಿಕೆಯಾದ ಬಳಿಕ, ಸೀಟನ್ನು ಒಪ್ಪಿ ಸೇರುವುದು, ಒಪ್ಪಿಕೊಂಡೂ ಮೇಲಿನ ಇಚ್ಛೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದ ಹೊರಬರುವುದು ಎಂಬ ಆಯ್ಕೆಗಳಲ್ಲಿ ಒಂದನ್ನು ನಿಗದಿತ ದಿನಾಂಕದೊಳಗೆ ದಾಖಲಿಸಬೇಕು. ಕೈಗೆ ಬಂದ ಸೀಟನ್ನು ಬಿಟ್ಟವರಿಗೆ ಅದು ಮರಳಿ ದೊರೆಯುವ ಭರವಸೆ ಇರುವುದಿಲ್ಲ. ಮೇಲಿನ ಇಚ್ಛೆ ದೊರೆತಲ್ಲಿ ಮೊದಲಿನ ಸೀಟು ತಾನಾಗಿಯೇ ರದ್ದಾಗುತ್ತದೆ.

ಪಾಸ್‌ವರ್ಡ್ ಮತ್ತು ಮೊಬೈಲ್‌ಗೆ ಬರುವ ಒಟಿಪಿಯನ್ನು ಸೈಬರ್ ಕೇಂದ್ರದವರಿಗಾಗಲಿ, ಮಧ್ಯವರ್ತಿಗಳಿಗಾಗಲಿ ಒಪ್ಪಿಸಬಾರದು. 2024ರಲ್ಲಿ ಸೀಟು ತಡೆಹಿಡಿಯುವ ಜಾಲದ ಬಗ್ಗೆ ಪ್ರಾಧಿಕಾರವೇ ಪೊಲೀಸರಿಗೆ ದೂರು ನೀಡಿ, ಬಂಧನಗಳೂ ಆಗಿದ್ದನ್ನು ಪೋಷಕರು ಗಮನಿಸಬೇಕು. ಕೊನೆಯ ದಿನದ ಸಂಜೆಯವರೆಗೆ ಕಾಯದೆ, ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದು, ಕಾಲೇಜು ಮತ್ತು ಕೋರ್ಸಿನ ಸಂಕೇತಗಳನ್ನು ತಾಳೆ ನೋಡಿ ನಮೂದಿಸತಕ್ಕದ್ದು. ಅಂತಿಮ ಪಟ್ಟಿಯ ಮುದ್ರಿತ ಪ್ರತಿಯನ್ನು ಪ್ರವೇಶ ಪೂರ್ಣಗೊಳ್ಳುವವರೆಗೆ ಕಾಯ್ದಿರಿಸಿಕೊಳ್ಳಬೇಕು.