ನಾಯಿಗೆ ಎಂಥ ಗೂಡು?



ಎತ್ತಿಗೆ ಕೊಟ್ಟಿಗೆ ಇದೆ. ಕುರಿಗೆ ರೊಪ್ಪ ಇದೆ. ಕೋಳಿಗೂ ಸಂಜೆ ಮುಚ್ಚಲು ಒಂದು ಬುಟ್ಟಿ ಇದೆ. ಇವೆಲ್ಲವನ್ನೂ ಕಾಯುವ ನಾಯಿಗೆ ಏನಿದೆ? ಒಂದು ಗೂಟ, ಒಂದು ಸರಪಳಿ. "ನಾಯಿಗೂ ಮನೆ ಕಟ್ಬೇಕೇನ್ರೀ?" ಎಂದು ನೀವು ನಗಬಹುದು. ನಗುವ ಮೊದಲು ಈ ನಾಲ್ಕು ಮಾತು ಕೇಳಿರಿ.

ನಮ್ಮದು ಕಲ್ಲುಗುಡ್ಡದ ಸೀಮೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡು, ಹಿರಿಯೂರು ಕಡೆಯ ಮಾರಿಕಣಿವೆಯ ಗುಡ್ಡಗಳು, ಹೊಸದುರ್ಗ ಹೊಳಲ್ಕೆರೆಗಳ ಮರಡಿಗಳು, ಇವುಗಳ ಮಗ್ಗುಲಲ್ಲೇ ನಮ್ಮ ಹೊಲ, ತೋಟ, ಹಟ್ಟಿಗಳಿವೆ. ಬಂಡೆಯ ಸಂದಿಯಲ್ಲಿ ಹಗಲೆಲ್ಲ ಮಲಗಿದ್ದು ರಾತ್ರಿ ಹೊರಬೀಳುವ ಪ್ರಾಣಿ ಚಿರತೆ. ಅದಕ್ಕೆ ನಾಯಿ ಎಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಬ್ಬಿನ ಗದ್ದೆ ಇರುವ ಬಯಲು ನಾಡಿನಲ್ಲಿ, ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ಚಿರತೆಯ ಹಿಕ್ಕೆಯನ್ನು ಪರೀಕ್ಷಿಸಿ ಅದು ಏನು ತಿನ್ನುತ್ತದೆಂದು ಲೆಕ್ಕ ಹಾಕಿದರು. ತಿಂದ ಮಾಂಸದಲ್ಲಿ ನಾಯಿಯ ಪಾಲು ನೂರಕ್ಕೆ 39. ಆಡು, ದನ, ಕಾಡುಪ್ರಾಣಿ ಎಲ್ಲ ಅದಕ್ಕಿಂತ ಕೆಳಗೆ.

ಬಿಟ್ಟ ನಾಯಿ ಓಡಿಯಾದರೂ ಬದುಕೀತು. ಗೂಟಕ್ಕೆ ಕಟ್ಟಿದ ನಾಯಿ ಎಲ್ಲಿಗೆ ಓಡೀತು? ಮೂರು ಮೊಳದ ಸರಪಳಿ ಎಷ್ಟು ದೂರವೋ ಅಷ್ಟೇ ಅದರ ಲೋಕ. ಅಷ್ಟೇ ಅಲ್ಲ. ಅಂಗಳದಲ್ಲಿ ಒಮ್ಮೆ ನಾಯಿ ಸಿಕ್ಕಿದರೆ ಚಿರತೆ ಅದೇ ಅಂಗಳಕ್ಕೆ ಮತ್ತೆ ಬರಬಹುದು. ಬೇಸಿಗೆಯಲ್ಲಿ ಅದೇ ಅಂಗಳದಲ್ಲಿ ಮಕ್ಕಳು ಮಲಗಿರುತ್ತವೆ. ಆದ್ದರಿಂದ ನಾಯಿಗೂಡು ಷೋಕಿಯ ಮಾತಲ್ಲ, ಮನೆಯ ಕಾವಲಿನ ಮಾತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಹಾಗಾದರೆ ಎಂಥ ಗೂಡು? ನಾಯಿ ಎಷ್ಟು ದೊಡ್ಡದು, ಗೂಡು ಎಲ್ಲಿರುತ್ತದೆ, ಅದರಿಂದ ಆಗಬೇಕಾದ ಕೆಲಸವೇನು, ಈ ಮೂರನ್ನು ಮೊದಲು ಕೇಳಿಕೊಳ್ಳಿರಿ.

ಮೊದಲು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮಗೆ ಸರಿ, ನಾಯಿಗೆ ಸಲ್ಲದು. ಅದರ ಕಾಲು ಎಷ್ಟಿದೆಯೋ ನೋಡಿ ಹಾಸಿಗೆ ಮಾಡಬೇಕು. ನಾಯಿಯನ್ನು ನಿಲ್ಲಿಸಿ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ದಾರ ಹಿಡಿದು ಅಳೆಯಿರಿ. ಅದಕ್ಕೆ 4 ಅಂಗುಲ ಸೇರಿಸಿದರೆ ಗೂಡಿನ ಉದ್ದ. ನೆಲದಿಂದ ನೆತ್ತಿಯವರೆಗೆ ಅಳೆದು 4 ಅಂಗುಲ ಸೇರಿಸಿದರೆ ಎತ್ತರ. ಅಗಲವು ನಾಯಿ ಸುತ್ತು ತಿರುಗಿ ಮಲಗುವಷ್ಟಿರಬೇಕು. ಲೆಕ್ಕಕ್ಕೆ ಒಂದು ನಾಟಿ ನಾಯಿ 30 ಅಂಗುಲ ಉದ್ದ, 24 ಅಂಗುಲ ಎತ್ತರ ಇದೆ ಎನ್ನೋಣ. ಅದಕ್ಕೆ 34 ಅಂಗುಲ ಉದ್ದ, 28 ಅಂಗುಲ ಎತ್ತರ, 24 ಅಂಗುಲ ಅಗಲದ ಪೆಟ್ಟಿಗೆ ಸಾಕು. ಮುಧೋಳ ನಾಯಿ ಸಾಕಿದವರು ಈ ಲೆಕ್ಕ ನಂಬಿ ಕೂರಬೇಡಿರಿ. ಅದು ನೀಳಕಾಲಿನ ತಳಿ, ಹೆಗಲಿನ ಹತ್ತಿರವೇ ಎರಡು ಅಡಿ ಮೀರುತ್ತದೆ. ಅದನ್ನೇ ನಿಲ್ಲಿಸಿ ಅಳೆಯಿರಿ. ಮರಿಯಾದರೆ ಬೆಳೆದ ಮೇಲಿನ ಅಳತೆಗೆ ಪೆಟ್ಟಿಗೆ ಮಾಡಿಸಿ, ನಡುವೆ ಒಂದು ಹಲಗೆ ಅಡ್ಡ ಇಟ್ಟು ಸಣ್ಣದು ಮಾಡಿಕೊಳ್ಳಿರಿ. ಬೆಳೆದಂತೆ ಹಲಗೆ ಸರಿಸಿದರಾಯಿತು.

ಇನ್ನು ಗೂಡಿನ ಬಗೆ.

ಒಂದು, ಬಿದಿರಿನ ಬುಟ್ಟಿ. ಇದು ಹಗುರ, ಗಾಳಿ ಚೆನ್ನಾಗಿ ಆಡುತ್ತದೆ. ಸಣ್ಣ ಮರಿಗಳನ್ನು ಮುಚ್ಚಿಡಲು, ಮಂದೆಯ ಜೊತೆ ಊರೂರು ತಿರುಗುವಾಗ ಸಾಗಿಸಲು, ಲಸಿಕೆಗೆ ದನದ ಆಸ್ಪತ್ರೆಗೆ ಒಯ್ಯಲು ಇದೇ ಸರಿ. ಆದರೆ ಹಲ್ಲು ಬಲಿತ ನಾಯಿ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಚಿರತೆಗಂತೂ ಅದು ತಡೆಯೇ ಅಲ್ಲ.

ಎರಡು, ಮರದ ಪೆಟ್ಟಿಗೆ. ಮಳೆಗೂ ಚಳಿಗೂ ಇದರಷ್ಟು ಸುಖ ಬೇರೆ ಇಲ್ಲ. ನೆಲದಿಂದ ಅರ್ಧ ಅಡಿ ಮೇಲಿರುವಂತೆ ಕಲ್ಲಿನ ಮೇಲೆ ಕೂರಿಸಿರಿ, ಗೆದ್ದಲು ಹತ್ತುವುದು ಕಡಿಮೆ. ಬಾಗಿಲು ಮಳೆ ಬಡಿಯದ ದಿಕ್ಕಿಗಿರಲಿ. ಮೇಲಿನ ಹಲಗೆ ತೆಗೆಯಲು ಬರುವಂತಿದ್ದರೆ ತೊಳೆಯುವುದು ಸಲೀಸು. ಊರ ನಡುವೆ, ಚಿರತೆಯ ಓಡಾಟ ಇಲ್ಲದ ಕಡೆ ಇದೊಂದೇ ಸಾಕು.

ಮೂರು, ಮಡಚುವ ತಂತಿಪಂಜರ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಮನೆಯೊಳಗೆ ಇಡಲು, ಕಾಯಿಲೆ ಬಿದ್ದ ನಾಯಿಯನ್ನು ಬೇರೆಯಾಗಿ ನೋಡಿಕೊಳ್ಳಲು ಅನುಕೂಲ. ಸಣ್ಣ ತಂತಿಯದಾದ್ದರಿಂದ ರಾತ್ರಿ ಅಂಗಳದಲ್ಲಿಟ್ಟು ನಂಬುವ ಹಾಗಿಲ್ಲ. ಕೋಳಿ ಜಾಲರಿ ಸುತ್ತಿದ ಗೂಡಿನ ಮಾತೂ ಇದೇ.

ನಾಲ್ಕು, ಕಲ್ಲುಗೋಡೆಯ ರಾತ್ರಿಗೂಡು. ಗುಡ್ಡದ ಅಂಚಿನ ಹಟ್ಟಿಗೆ, ತೋಟದ ಮನೆಗೆ ನಾನು ಹೇಳುವುದು ಇದನ್ನೇ. ನಮ್ಮಲ್ಲಿ ಸೈಜುಗಲ್ಲಿಗೆ ಬರವಿಲ್ಲ. ಮೂರು ಕಡೆ ಕಲ್ಲಿನ ಗೋಡೆ, ಮುಂದುಗಡೆ ಕಬ್ಬಿಣದ ಸರಳಿನ ಚೌಕಟ್ಟಿಗೆ ದಪ್ಪ ತಂತಿಯ ಜಾಲರಿ. ಜಾಲರಿಯ ಕಿಂಡಿ ಒಂದು ಅಂಗುಲಕ್ಕಿಂತ ದೊಡ್ಡದಿರಬಾರದು, ಪಂಜ ಒಳಗೆ ಬರಬಾರದು ನೋಡಿ. ಒಳಗೆ 6 ಅಡಿ ಉದ್ದ, 4 ಅಡಿ ಅಗಲ ಇದ್ದರೆ ನಾಯಿ ಜಾಲರಿಯಿಂದ ದೂರ, ಹಿಂದಿನ ಗೋಡೆಗೆ ಒತ್ತಿಕೊಂಡು ನಿಲ್ಲಬಹುದು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಬೇಕು. ಮೇಲೆ ತಪ್ಪದೆ ಭದ್ರವಾದ ಮುಚ್ಚಿಗೆ ಇರಬೇಕು. ಚಿರತೆ ಮರ ಹತ್ತುವ ಪ್ರಾಣಿ, ಗೋಡೆ ಅದಕ್ಕೆ ಏನು ಮಹಾ! ಒಳಗೊಂದು ಮರದ ಪೆಟ್ಟಿಗೆ ಇಟ್ಟರೆ ಚಳಿಗೂ ಆಯಿತು.

ಕುರಿ ಸಾಕುವವರು ಕೇಳುತ್ತೀರಿ: "ನಾಯೀನ ಗೂಡಿಗೆ ಹಾಕಿದ್ರೆ ಕುರಿ ಕಾಯೋರು ಯಾರು?" ನ್ಯಾಯವಾದ ಮಾತು. ಈ ಗೂಡನ್ನು ರೊಪ್ಪಕ್ಕೆ ತಾಗಿಸಿಯೇ ಕಟ್ಟಿರಿ. ನಾಯಿಯ ಕಾವಲು ಮುಖ್ಯವಾಗಿ ಅದರ ಮೂಗು ಮತ್ತು ಗಂಟಲಿನಲ್ಲಿದೆ. ವಾಸನೆ ಹಿಡಿದು ಬೊಗಳಿ ನಿಮ್ಮನ್ನು ಎಬ್ಬಿಸಲು ಜಾಲರಿ ಅಡ್ಡಿ ಬರುವುದಿಲ್ಲ. ಹೊಲದಲ್ಲಿ ಮಂದೆ ಕೂರಿಸಿದಾಗ ಗೂಡು ಹೊತ್ತು ತಿರುಗಲಾಗದು. ಆಗ ನಾಯಿಯನ್ನು ಗೂಟಕ್ಕೆ ಮಾತ್ರ ಕಟ್ಟಬೇಡಿರಿ. ಬಿಟ್ಟೇ ಇರಲಿ, ಜನ ಮಲಗುವ ಜಾಗಕ್ಕೆ ಹತ್ತಿರವಿರಲಿ.

ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಬರೀ ತಗಡಿನ ಗೂಡು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಕ್ಕೆ ಕಾದ ಕಾವಲಿಯೇ ಸರಿ. ಅದರಲ್ಲಿ ನಾಯಿಯನ್ನು ಕೂಡಿದರೆ ಚಿರತೆ ಬೇಕಿಲ್ಲ, ಬಿಸಿಲೇ ಕೊಲ್ಲುತ್ತದೆ. ಹೊಂಗೆ ಅಥವಾ ಬೇವಿನ ನೆರಳಲ್ಲಿ ಕಟ್ಟಿರಿ. ತಗಡು ಹಾಕಲೇಬೇಕಾದರೆ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿರಿ. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವಂತೆ ಗೋಡೆಯ ಮೇಲ್ಗಡೆ ಸಣ್ಣ ಕಿಂಡಿ ಬಿಡಿರಿ. ಉರುಳದ ಕಲ್ಲುಮರಿಗೆಯಲ್ಲಿ ಸದಾ ನೀರಿರಲಿ. ಹಾಸಿದ ಗೋಣಿತಾಟನ್ನು ವಾರಕ್ಕೊಮ್ಮೆ ತೊಳೆದು ಸುಡುಬಿಸಿಲಿಗೆ ಹಾಕಿರಿ, ಉಣ್ಣೆಯ ಕಾಟ ತಗ್ಗುತ್ತದೆ.

ಗೂಡು ಕಟ್ಟಿದ ದಿನವೇ ನಾಯಿಯನ್ನು ನೂಕಿ ಬಾಗಿಲು ಹಾಕಬೇಡಿರಿ. ಮೊದಲ ಕೆಲವು ದಿನ ಬಾಗಿಲು ತೆರೆದಿಟ್ಟು ಮುದ್ದೆಯನ್ನು ಒಳಗೇ ಹಾಕಿರಿ. ತಾನಾಗಿ ಹೋಗಿ ಮಲಗುವುದನ್ನು ಕಲಿತ ಮೇಲೆ ಸ್ವಲ್ಪ ಹೊತ್ತು ಮುಚ್ಚಿ ನೋಡಿರಿ. ತಪ್ಪು ಮಾಡಿತೆಂದು ಹೊಡೆದು ಗೂಡಿಗೆ ತಳ್ಳಿದರೆ ಅದು ಸೆರೆಮನೆಯಾಯಿತು, ಮತ್ತೆ ಒಳಗೆ ಬಾರದು. ಒಳಗೆ ಬಿಡುವಾಗ ಸರಪಳಿ, ಕೊರಳಪಟ್ಟಿ ಬಿಚ್ಚಿರಿ, ಜಾಲರಿಗೆ ಸಿಕ್ಕಿ ಉರುಲಾದೀತು. ಇದು ರಾತ್ರಿಯ ಆಶ್ರಯ. ಬೆಳಕು ಹರಿದ ಮೇಲೆ ಬಿಡತಕ್ಕದ್ದು. ಮೈ ತಿರುಗಿಸಲಾಗದ ಪಂಜರದಲ್ಲಿ ಪ್ರಾಣಿಯನ್ನು ಇಡುವುದೂ, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಈ ಗೂಡಿನಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಸಾಕಿದ ನಾಯಿ ಯಾರನ್ನಾದರೂ ಕಚ್ಚಿದರೆ ಅದನ್ನು ಕೊಲ್ಲದೆ, ಓಡಿಸದೆ, 10 ದಿನ ಗೂಡಿನಲ್ಲಿಟ್ಟು ಪಶುವೈದ್ಯರಿಗೆ ತಿಳಿಸಿ ನಿಗಾ ಮಾಡಬಹುದು. ಆದರೆ ಕಚ್ಚಿಸಿಕೊಂಡವರು ಆ 10 ದಿನ ಕಾಯಬಾರದು. ಗಾಯವನ್ನು ಕೂಡಲೇ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಮದ್ದು ಕೆಲಸ ಮಾಡದು. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವರ್ಷವರ್ಷವೂ ತಪ್ಪದೆ ಹಾಕಿಸಿರಿ.

ಕೊನೆಯ ಮಾತು. ಚಿರತೆ ಬಂತೆಂದು ಗೂಡಿನ ಸುತ್ತ ಉರುಲು, ಕರೆಂಟಿನ ತಂತಿ ಹಾಕಬೇಡಿರಿ. 1972ರ ವನ್ಯಜೀವಿ ಕಾಯಿದೆ ಚಿರತೆಗೆ ರಕ್ಷಣೆ ಕೊಟ್ಟಿದೆ. ಅದಕ್ಕೂ ಮಿಗಿಲಾಗಿ, ಕತ್ತಲಲ್ಲಿ ಆ ತಂತಿಯನ್ನು ಮೊದಲು ತುಳಿಯುವವರು ನಮ್ಮ ಮನೆಯವರೇ. ಹೆಜ್ಜೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿರಿ, ಬೋನು ಇಡುವುದು ಅವರ ಕೆಲಸ. ಬೋನು ಹಿಡಿಯುವುದಕ್ಕೆ, ಗೂಡು ಉಳಿಸುವುದಕ್ಕೆ.

ಊರ ನಡುವಿನ ಮನೆಗೆ ಮರದ ಪೆಟ್ಟಿಗೆ, ಮರಿಗೂ ಪ್ರಯಾಣಕ್ಕೂ ಬುಟ್ಟಿ, ಕಾಯಿಲೆಗೆ ತಂತಿಪಂಜರ, ಗುಡ್ಡದ ಅಂಚಿಗೆ ಕಲ್ಲುಗೂಡು. ಇಷ್ಟನ್ನು ನೆನಪಿಡಿರಿ. ಈ ಸಲ ಸುಗ್ಗಿ ಮುಗಿದು ಕೈ ಬಿಡುವಾದಾಗ, ಬೇಸಿಗೆಗೆ ಮುಂಚೆಯೇ ಕಟ್ಟಿಸಿರಿ.